ಒಣದ್ರಾಕ್ಷಿಯ ಪಾಠ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಪತ್ರ ಬರೆದಾಗ, ಹಾವೇರಿಯ ನಮ್ಮ ಶಾಲೆಯ ದಿನಗಳನ್ನು ನೆನೆದು ನಾಲ್ಕು ಮಾತು ಬರೆಯುವುದೇ ಉಚಿತವೆಂದು ಮೊದಲು ಅನ್ನಿಸಿತು. ಆದರೆ ಪ್ರಸಾದನಿಲಯದ ಪಂಕ್ತಿ, ಬೆಳಗಿನ ಪ್ರಾರ್ಥನೆಯ ಗಂಟೆ, ಹೆಗ್ಗೇರಿ ಕೆರೆಯ ದಂಡೆಯ ತಿರುಗಾಟ, ಇವುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟು ಜನರಿದ್ದಾರೆ. ನಾನು 34 ವರ್ಷ ವೈದ್ಯಕೀಯ ಕಾಲೇಜುಗಳಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ರೋಗಿಗಳಿಗೆ ಔಷಧ ಕೊಟ್ಟವನಲ್ಲ, ಸಾಹಿತಿಯಂತೂ ಅಲ್ಲವೇ ಅಲ್ಲ. ಈ ಶಾಲೆಯಲ್ಲಿ ಕಂಡ ಒಂದು ಸಣ್ಣ ಪ್ರಯೋಗವೂ ಐವತ್ತೆರಡು ವರ್ಷಗಳ ತರುವಾಯ ನಮ್ಮ ಮನೆತನಕ್ಕೆ ಬಂದೊದಗಿದ ಒಂದು ಕಾಯಿಲೆಯೂ ನನ್ನ ಮನಸ್ಸಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅದನ್ನೇ ಇಲ್ಲಿ ನಿವೇದಿಸುತ್ತೇನೆ. ಇದರಲ್ಲಿ ನನ್ನ ತಪ್ಪೊಂದು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅದು 1967ನೆಯ ಇಸವಿ. ಆಗ ಹಾವೇರಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು ಸ್ಥಳ. ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ನಮ್ಮ ಪ್ರಯೋಗಶಾಲೆಯೆಂದರೆ ಬೀಗವಿದ್ದ ಒಂದು ಕಪಾಟು, ಕಾಲು ಅಲುಗಾಡುವ ಒಂದು ಉದ್ದನೆಯ ಮೇಜು, ಗೋಡೆಗೆ ತೂಗುಹಾಕಿದ ಮನುಷ್ಯನ ಎಲುಬುಗಳ ಒಂದು ಚಿತ್ರ, ಇಷ್ಟೇ. ವಿಜ್ಞಾನದ ಗುರುಗಳು ಒಂದು ದಿನ ಪೇಟೆಯಿಂದ ಎರಡಾಣೆಯ ಒಣದ್ರಾಕ್ಷಿಯನ್ನು ತರಿಸಿ, ನಮ್ಮಲ್ಲಿ ಕೆಲವರು ಆಗಲೇ ಬಾಯಿಗೆ ಹಾಕಿಕೊಂಡು ಉಳಿದ ಹತ್ತು ಹದಿನೈದನ್ನು ಒಂದು ಬಟ್ಟಲು ನೀರಿನಲ್ಲಿ ಹಾಕಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಸುಕ್ಕುಗಟ್ಟಿದ್ದ ಆ ದ್ರಾಕ್ಷಿಗಳು ದುಂಡಗೆ ಉಬ್ಬಿದ್ದವು. ಅವುಗಳಲ್ಲಿ ಕೆಲವನ್ನು ತೆಗೆದು ಕಡುಪ್ಪಿನ ನೀರಿಗೆ ಹಾಕಿದರು; ಸಂಜೆಯ ಹೊತ್ತಿಗೆ ಅವು ಮತ್ತೆ ಬಾಡಿದವು. ನೀರು ತೆಳುವಾದ ಕಡೆಯಿಂದ ಗಟ್ಟಿಯಾದ ಕಡೆಗೆ ಪೊರೆಯನ್ನು ದಾಟಿ ಹೋಗುತ್ತದೆ, ಇದಕ್ಕೆ ಅಭಿಸರಣೆಯೆಂದು ಹೆಸರು, ಎಂದು ಕಪ್ಪು ಹಲಗೆಯ ಮೇಲೆ ಬರೆಸಿದರು.

ಪಾಠ ಅಲ್ಲಿಗೆ ಮುಗಿಯಬೇಕಾಗಿತ್ತು. ಹಿಂದಿನ ಸಾಲಿನಲ್ಲಿದ್ದ, ಬ್ಯಾಡಗಿ ಕಡೆಯ ಒಬ್ಬ ಹುಡುಗ ಎದ್ದು ನಿಂತು, "ಗುರುಗಳ, ನಾವೂ ದಿನಾ ನೀರು ಕುಡಿತೇವಲ್ರೀ, ನಾವ್ಯಾಕ ಉಬ್ಬೂದಿಲ್ಲ?" ಎಂದು ಕೇಳಿದ. ವರ್ಗವೆಲ್ಲ ನಕ್ಕಿತು. ಗುರುಗಳು ನಗಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡುತ್ತ ನಿಂತು ಹೀಗೆಂದರು: "ದ್ರಾಕ್ಷಿ ಸತ್ತೈತಿ, ನೀ ಜೀವಂತ ಇದ್ದೀ. ಜೀವ ಇದ್ದದ್ದು ಉಬ್ಬಿದ್ರ ಸುಮ್ಮನ ಕುಂದ್ರೂದಿಲ್ಲ, ಏನರ ಮಾಡತೈತಿ. ಏನ್ ಮಾಡತೈತಿ ಅನ್ನೂದು ನನಗ ಗೊತ್ತಿಲ್ಲಪಾ. ಯಾರರ ಕಲ್ತು ಬಂದು ಹೇಳ್ರಿ." ಗುರುಗಳಾದವರು ವರ್ಗದಲ್ಲಿ ನಿಂತು "ನನಗೆ ಗೊತ್ತಿಲ್ಲ" ಎನ್ನುವುದು ಆ ಕಾಲದಲ್ಲಿ ಅಪರೂಪದ ಮಾತು. ನನಗೆ ನೆನಪಿನಲ್ಲಿ ಉಳಿದದ್ದು ಅಭಿಸರಣೆಗಿಂತ ಹೆಚ್ಚಾಗಿ ಆ ಮಾತು.

ನಾನು ಕಲಿಯಲು ಹೋದದ್ದೇನೋ ನಿಜ. ಆದರೆ ಈ ಪ್ರಶ್ನೆಗೆ ಉತ್ತರವನ್ನು ಬಹುಕಾಲ ಹುಡುಕಲಿಲ್ಲ. ಮೆದುಳಿನಲ್ಲಿ ಎರಡು ಬಗೆಯ ಜೀವಕೋಶಗಳಿವೆ: ವಿದ್ಯುತ್ ಸಂದೇಶಗಳನ್ನು ಸಾಗಿಸುವ ನರಕೋಶಗಳು ಒಂದು ಬಗೆ, ಅವುಗಳ ನಡುವೆ ತುಂಬಿಕೊಂಡಿರುವ ಗ್ಲಿಯಾ ಕೋಶಗಳು ಇನ್ನೊಂದು. ಜರ್ಮನಿಯ ರುಡಾಲ್ಫ್ ವಿರ್ಕೋ 1856ರಲ್ಲಿ ಈ ಎರಡನೆಯದಕ್ಕೆ ನರಗಳ ಅಂಟು ಎಂಬರ್ಥದ ಹೆಸರನ್ನಿಟ್ಟನು. ಹೆಸರು ಅಂಟು, ಆದ್ದರಿಂದ ಕೆಲಸವೂ ಅಂಟಿನದೇ ಎಂದು ನಂಬಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತು ಸುಮ್ಮನಿತ್ತು. ನನ್ನ ಬೋಧನೆಯ ಮೊದಲ ವರ್ಷಗಳಲ್ಲಿ ಈ ಕೋಶಗಳಿಗೆ ನಾನು ಕೊಡುತ್ತಿದ್ದ ಸಮಯ ಹೆಚ್ಚೆಂದರೆ ಐದು ನಿಮಿಷ. "ಇವು ಆಧಾರ ಕೋಶಗಳು, ನರಕೋಶಗಳ ಹತ್ತುಪಟ್ಟು ಇವೆ, ಆಧಾರ ಕೊಡುತ್ತವೆ," ಎಂದು ಹೇಳಿ ಪುಟ ತಿರುವುತ್ತಿದ್ದೆ. ಹತ್ತುಪಟ್ಟು ಎಂಬುದೂ ತಪ್ಪೆಂದು ಈಗ ತಿಳಿದಿದೆ. ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ಎಣಿಸಿ ತೋರಿಸಿದಂತೆ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದು, ಉಳಿದ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಎಷ್ಟು ತಲೆಮಾರಿನ ವೈದ್ಯರಿಗೆ ಆ ತಪ್ಪು ಲೆಕ್ಕವನ್ನು ಬಾಯಿಪಾಠ ಮಾಡಿಸಿದೆನೋ!

ಇನ್ನು ಕಾಯಿಲೆಯ ವಿಷಯ.

ನನ್ನ ಅಕ್ಕನನ್ನು ಬ್ಯಾಡಗಿಗೆ ಕೊಟ್ಟಿತ್ತು. ಅವರ ಮನೆಯಲ್ಲಿ ಮೆಣಸಿನಕಾಯಿಯ ವ್ಯಾಪಾರ. ಆ ಊರನ್ನು ಬಲ್ಲವರಿಗೆ ಜನವರಿಯಿಂದ ಮುಂದಿನ ತಿಂಗಳುಗಳ ಸಂಗತಿ ಹೇಳಬೇಕಾಗಿಲ್ಲ. ಮೋಟೆಬೆನ್ನೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಊರ ಕಡೆಗೆ ತಿರುಗಿದೊಡನೆಯೇ ಘಾಟು ಮೂಗಿಗೆ ಬಡಿಯುತ್ತದೆ. ಪ್ರಾಂಗಣದ ತುಂಬ ಚೀಲಗಳು, ಕಣಗಳ ತುಂಬ ಕೆಂಪು. ಡಬ್ಬಿ ಎಂಬ ದುಂಡಗಿನ ಕಾಯಿ, ಕಡ್ಡಿ ಎಂಬ ನೀಳವಾದ ಕಾಯಿ, ಇವೆರಡರ ಬಣ್ಣಕ್ಕಾಗಿ ದೂರದ ಊರುಗಳಿಂದ ಖರೀದಿದಾರರು ಬರುತ್ತಾರೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಅಕ್ಕ ಎಪ್ಪತ್ತು ದಾಟಿದ ಮೇಲೂ ಅಂಗಳದಲ್ಲಿ ಕುಳಿತು, ಕಾಯಿಯ ತೊಟ್ಟು ಬಿಡಿಸಲು ಬರುವ ಹೆಣ್ಣುಮಕ್ಕಳ ಬುಟ್ಟಿಗಳ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಅವಳ ಲೆಕ್ಕದಲ್ಲಿ ಒಂದು ಬುಟ್ಟಿ ಹೆಚ್ಚೂ ಇಲ್ಲ, ಒಂದು ಬುಟ್ಟಿ ಕಡಿಮೆಯೂ ಇಲ್ಲ.

2018ರ ಕೊನೆಯಲ್ಲಿ ಅವಳಿಗೆ ರಕ್ತದೊತ್ತಡ ಇದೆಯೆಂದು ಗೊತ್ತಾಗಿ, ಮೂತ್ರವನ್ನು ಹೆಚ್ಚಿಸುವ ಒಂದು ಗುಳಿಗೆಯನ್ನು ಬರೆದುಕೊಟ್ಟು, ಉಪ್ಪನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದರು. ಅದು ಸರಿಯಾದ ಸಲಹೆಯೇ. ಆದರೆ ನಮ್ಮ ಅಕ್ಕನ ಸ್ವಭಾವದಲ್ಲಿ "ಕಡಿಮೆ" ಎಂಬುದಕ್ಕೆ ಸ್ಥಾನವಿಲ್ಲ. ವ್ರತ ಹಿಡಿದವಳಂತೆ ಉಪ್ಪನ್ನು ಪೂರ್ತಿಯಾಗಿ ಬಿಟ್ಟಳು. ಸಪ್ಪೆ ಪಲ್ಯ, ಸಪ್ಪೆ ಸಾರು, ಅರ್ಧ ರೊಟ್ಟಿ. ಊಟ ರುಚಿಸದೆ ಇಳಿಯಿತು. ಬಿಸಿಲು ಮತ್ತು ಘಾಟಿನ ದೆಸೆಯಿಂದ ತಂಬಿಗೆಗಟ್ಟಲೆ ನೀರು ಕುಡಿಯುವುದು ಏರಿತು. ಮೂತ್ರಪಿಂಡವು ನೀರನ್ನು ಹೊರಹಾಕಬೇಕಾದರೆ ಅದರೊಡನೆ ಸ್ವಲ್ಪ ಉಪ್ಪು ಮತ್ತು ಆಹಾರದಿಂದ ಬಂದ ಲವಣಗಳೂ ಹೋಗಬೇಕು. ಅವೇ ಇಲ್ಲದಿದ್ದಾಗ ಕುಡಿದ ನೀರು ಒಳಗೇ ನಿಲ್ಲುತ್ತದೆ. ಗುಳಿಗೆ ಇದಕ್ಕೆ ಮತ್ತಷ್ಟು ಸಹಾಯ ಮಾಡಿತು. ರಕ್ತ ದಿನದಿನಕ್ಕೆ ತೆಳುವಾಗುತ್ತ ಬಂದಿತು. ಶರೀರಕ್ರಿಯಾಶಾಸ್ತ್ರವನ್ನು ಕಲಿಸಿದ ತಮ್ಮನಿಗೆ ಅವಳು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಸಪ್ಪೆ ಊಟದ ಸುದ್ದಿಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಭಲೇ ಎಂದು ನಾನೂ ಹೊಗಳುತ್ತಿದ್ದೆ.

2019ರ ಫೆಬ್ರುವರಿ ತಿಂಗಳ ಒಂದು ಮುಂಜಾನೆ ಅಳಿಯನ ಫೋನು ಬಂದಿತು. "ಮಾಮಾ, ಅವ್ವ ಒಂದ್ ಥರಾ ಮಾತಾಡಾಕತ್ತಾಳ. ರಾಣೇಬೆನ್ನೂರಿಗೆ ಕರಕೊಂಡ ಹೊಂಟೇವಿ." ನಾನು ಮಧ್ಯಾಹ್ನ ರಾಣೇಬೆನ್ನೂರಿನ ಆ ಆಸ್ಪತ್ರೆಯನ್ನು ತಲುಪಿದಾಗ ಅಕ್ಕ ನನ್ನನ್ನು ನೋಡಿ, ಎಂದೋ ತೀರಿಕೊಂಡ ನಮ್ಮ ಅಣ್ಣನ ಹೆಸರು ಹಿಡಿದು ಕರೆದಳು. ಬಳಿಕ ಕಣ್ಣು ಮುಚ್ಚಿದವಳು ಎಬ್ಬಿಸಿದರೂ ಸರಿಯಾಗಿ ಏಳಲಿಲ್ಲ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಸೋಡಿಯಂ 108 ಎಂದಿತ್ತು. ಆರೋಗ್ಯವಂತರಲ್ಲಿ ಅದು 135ರಿಂದ 145ರವರೆಗೆ ಇರುತ್ತದೆ. ಆ ಚೀಟಿಯನ್ನು ಕೈಯಲ್ಲಿ ಹಿಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬಟ್ಟಲು, ಆ ಉಬ್ಬಿದ ದ್ರಾಕ್ಷಿ.

ಕೈಯಾಗಲಿ ಕಾಲಾಗಲಿ ಉಬ್ಬಿದರೆ ಚರ್ಮ ಹಿಗ್ಗುತ್ತದೆ. ಮೆದುಳಿಗೆ ಆ ಅನುಕೂಲವಿಲ್ಲ. ತಲೆಬುರುಡೆಯೆಂಬ ಎಲುಬಿನ ಪೆಟ್ಟಿಗೆಯಲ್ಲಿ ಮೆದುಳು, ರಕ್ತ ಮತ್ತು ಸುಮಾರು 150 ಮಿಲಿಲೀಟರ್ ತಿಳಿದ್ರವ, ಈ ಮೂರೇ ಇರಲು ಸಾಧ್ಯ. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು. ಎಡಿನ್‌ಬರೋ ನಗರದ ಅಲೆಕ್ಸಾಂಡರ್ ಮನ್ರೋ ಇದನ್ನು 1783ರಷ್ಟು ಹಿಂದೆಯೇ ವಿವರಿಸಿದ್ದನು. ಹೀಗಿರುವಾಗ ರಕ್ತ ತೆಳುವಾದ ಒಬ್ಬ ಮುದುಕಿಯ ಮೆದುಳು ಆ ಪೆಟ್ಟಿಗೆಯಲ್ಲಿ ನೀರು ಕುಡಿದು ಉಬ್ಬಿ, ಒತ್ತಿ, ಉಸಿರು ನಿಲ್ಲದೆ ಹೇಗೆ ಇಷ್ಟು ದಿನ ಉಳಿಯಿತು? ನಮ್ಮ ಗುರುಗಳು ಕೇಳಿದ ಪ್ರಶ್ನೆಯೂ ಇದೇ. ಅವರೀಗ ಇಲ್ಲ. ಉತ್ತರ ಅವರು ಬದುಕಿದ್ದ ಕಾಲದಲ್ಲಿ ಪೂರ್ತಿಯಾಗಿ ಯಾರಿಗೂ ತಿಳಿದಿರಲಿಲ್ಲವೆಂಬುದೇ ನನಗಿರುವ ಸಮಾಧಾನ.

ಉತ್ತರ ಇರುವುದು ನಾನು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಆ ಆಧಾರ ಕೋಶಗಳಲ್ಲಿ. ಅವುಗಳಲ್ಲಿ ಒಂದು ಜಾತಿಗೆ ಆಸ್ಟ್ರೋಸೈಟ್ ಎಂದು ಹೆಸರು. ನಾವು ತಾರಾಕೋಶವೆನ್ನೋಣ, ಏಕೆಂದರೆ ಅದರ ಟೊಂಗೆಗಳು ನಕ್ಷತ್ರದ ಕಿರಣಗಳಂತೆ ನಾಲ್ಕೂ ಕಡೆಗೆ ಚಾಚಿರುತ್ತವೆ. ಕೆಲವು ಟೊಂಗೆಗಳು ನರಕೋಶಗಳನ್ನು ಮುಟ್ಟುತ್ತವೆ. ಮತ್ತೆ ಕೆಲವು ರಕ್ತನಾಳಗಳವರೆಗೆ ಹೋಗಿ ಅಲ್ಲಿ ಪಾದವನ್ನು ಅಗಲಿಸಿ ನಾಳವನ್ನು ಸುತ್ತುವರಿದು ಕೂಡುತ್ತವೆ. ಆ ಪಾದಗಳಲ್ಲಿ ನೀರಿಗೆಂದೇ ಮೀಸಲಾದ ಸೂಕ್ಷ್ಮ ದ್ವಾರಗಳು ದಟ್ಟವಾಗಿವೆ. ಜೀವಕೋಶಕ್ಕೆ ಇಂತಹ ನೀರಿನ ದ್ವಾರಗಳಿವೆಯೆಂದು ತೋರಿಸಿದ ಅಮೆರಿಕದ ಪೀಟರ್ ಆಗ್ರೆಯವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮೆದುಳಿನಲ್ಲಿ ಮುಖ್ಯವಾದುದು ಅಕ್ವಾಪೋರಿನ್ 4 ಎಂಬ ದ್ವಾರ. ಈ ದ್ವಾರವಿಲ್ಲದ ಇಲಿಮರಿಗಳನ್ನು ಬೆಳೆಸಿ, ಅವುಗಳ ದೇಹಕ್ಕೆ ಅತಿಯಾಗಿ ನೀರು ಸೇರಿಸಿದಾಗ ಅವುಗಳ ಮೆದುಳು ಬೇರೆ ಇಲಿಗಳಷ್ಟು ಉಬ್ಬಲಿಲ್ಲವೆಂದು 2000ದಲ್ಲಿ ಕಂಡುಬಂದಿತು. ಅಂದರೆ ರಕ್ತ ತೆಳುವಾದಾಗ ನೀರು ಮೊದಲು ನುಗ್ಗುವುದು ತಾರಾಕೋಶಗಳೊಳಕ್ಕೆ. ಅವು ಮೊದಲು ಉಬ್ಬಿ ಪೆಟ್ಟು ತಿನ್ನುತ್ತವೆ.

ಉಬ್ಬಿದ ಮೇಲೆ ಏನು ಮಾಡುತ್ತವೆ? ಇಲ್ಲಿಂದ ಮುಂದಿನ ಸಂಗತಿಯೇ ನನ್ನನ್ನು ನಿವೃತ್ತಿಯ ನಂತರ ಮತ್ತೆ ವಿದ್ಯಾರ್ಥಿಯನ್ನಾಗಿ ಮಾಡಿದ್ದು. ಕೋಶ ಉಬ್ಬಿದೊಡನೆ ಅದರ ಪೊರೆ ಬಿಗಿಯುತ್ತದೆ. ಬಿಗಿತಕ್ಕೆ ತೆರೆದುಕೊಳ್ಳುವ ಒಂದು ದ್ವಾರ ಆ ಪೊರೆಯಲ್ಲಿದೆ. ಅದರ ಮೂಲಕ ಹೊರಗಿನ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಕ್ಯಾಲ್ಸಿಯಂ ಎಂದರೆ ನಮ್ಮ ಸುಣ್ಣದಲ್ಲಿ, ಎಲುಬಿನಲ್ಲಿ ಇರುವ ಅದೇ ಧಾತು. ಕೋಶದ ಹೊರಗೆ ಇರುವುದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಒಳಗೆ ಬಿಡುವಾಗಿ ಇರುವಂತೆ ಕೋಶವು ಎಚ್ಚರಿಕೆಯಿಂದ ನೋಡಿಕೊಂಡಿರುತ್ತದೆ. ನಿಶ್ಶಬ್ದವಾದ ಮನೆಯಲ್ಲಿ ಒಂದು ತಟ್ಟೆ ಬಿದ್ದರೂ ಎಲ್ಲರೂ ಎಚ್ಚರಾಗುವಂತೆ, ಒಂದಿಷ್ಟೇ ಕ್ಯಾಲ್ಸಿಯಂ ಒಳಗೆ ಬಂದರೂ ಇಡೀ ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಕೋಶದ ಒಳಗಿನ ಉಗ್ರಾಣಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಕೂಡ ಅದರೊಡನೆ ಬಿಡುಗಡೆಯಾಗಿ ಸುದ್ದಿಯನ್ನು ದೊಡ್ಡದು ಮಾಡುತ್ತದೆ. ತರುವಾಯ ಬೇರೆ ಬೇರೆ ದ್ವಾರಗಳು ತೆರೆದು ಪೊಟ್ಯಾಸಿಯಂ, ಕ್ಲೋರೈಡ್, ಟಾರಿನ್ ಮೊದಲಾದ ಸಣ್ಣ ದ್ರವ್ಯಗಳು ಹೊರಗೆ ಹೋಗುತ್ತವೆ. ಒಳಗಿನ ದ್ರಾವಣ ತೆಳುವಾಗಿ, ನೀರು ಅವುಗಳ ಬೆನ್ನುಹಿಡಿದು ಹೊರಗೆ ಹರಿಯುತ್ತದೆ. ಕೋಶ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಇದು ಕೆಲವೇ ನಿಮಿಷಗಳ ಕೆಲಸ.

ಆ ಬಿಗಿತದ ದ್ವಾರದ ಹೆಸರು ಟಿ.ಆರ್.ಪಿ.ವಿ. 4. ಹೆಸರು ನೀರಸವಾಗಿದೆ, ಒಪ್ಪುತ್ತೇನೆ. ಆದರೆ ಬ್ಯಾಡಗಿಯವರು ಇದರ ವಂಶಾವಳಿಯನ್ನು ಕೇಳಬೇಕು. ಮೆಣಸಿನಕಾಯಿ ಖಾರವೆಂದು ನಾಲಿಗೆಗೆ ಏಕೆ ಅನ್ನಿಸುತ್ತದೆಂಬುದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ ಹುಡುಕುತ್ತಿದ್ದರು. ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ದ್ರವ್ಯವು ತಗುಲಿದಾಗ ತೆರೆದುಕೊಂಡು ಕ್ಯಾಲ್ಸಿಯಂ ಅನ್ನು ಒಳಗೆ ಬಿಡುವ ಒಂದು ದ್ವಾರವನ್ನು ಅವರ ತಂಡ 1997ರಲ್ಲಿ ಕಂಡುಹಿಡಿಯಿತು. ಸುಡುವ ಬಿಸಿಗೂ ಅದೇ ದ್ವಾರ ತೆರೆಯುತ್ತದೆ. 2021ರಲ್ಲಿ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಡನೆ ನೊಬೆಲ್ ದೊರೆಯಿತು. ಆ ಖಾರದ ದ್ವಾರ ಒಂದನೆಯದು. ಅದರ ಬಂಧುಗಳನ್ನು ಹುಡುಕುತ್ತ ಹೋದವರಿಗೆ 2000ದಲ್ಲಿ ಕೋಶದ ಉಬ್ಬರಕ್ಕೆ ಓಗೊಡುವ ಈ ನಾಲ್ಕನೆಯದು ಸಿಕ್ಕಿತು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಒಂದನೆಯ ದ್ವಾರವನ್ನು ಅದು ಮೆಲ್ಲಗೆ ತಟ್ಟುತ್ತದೆ. ನಾಲ್ಕನೆಯದನ್ನು ಕ್ಯಾಪ್ಸೈಸಿನ್ ತೆರೆಯುವುದಿಲ್ಲ. ಆದ್ದರಿಂದ ಮೆಣಸಿನಕಾಯಿ ತಿಂದರೆ ಮೆದುಳಿನ ಬಾವು ಇಳಿಯುವುದೆಂದು ಯಾರೂ ಹೊಸ ಮದ್ದನ್ನು ಹುಟ್ಟಿಸಬಾರದಾಗಿ ವಿನಂತಿ. ಅಂಗಳದ ತುಂಬ ಕಾಯಿ ಹರವಿಕೊಂಡು ಕುಳಿತ ಅಕ್ಕನ ತಲೆಯೊಳಗೆ ಆ ಖಾರದ ದ್ವಾರದ ದಾಯಾದಿಯೇ ಅವಳನ್ನು ಕಾಯುತ್ತಿತ್ತೆಂಬುದು ನನಗೆ ಮಾತ್ರ ಬಹಳ ಸೋಜಿಗದ ಸಂಗತಿ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತಾದೀತು. ಈ ವಿಷಯದಲ್ಲಿ ಎಲ್ಲ ಪ್ರಯೋಗಗಳೂ ಒಂದೇ ಸಾಕ್ಷ್ಯ ನುಡಿಯುವುದಿಲ್ಲ. 2011ರಲ್ಲಿ ತಾರಾಕೋಶಗಳಲ್ಲಿ ನೀರಿನ ದ್ವಾರ ಮತ್ತು ಈ ನಾಲ್ಕನೆಯ ದ್ವಾರ ಎರಡೂ ಜೊತೆಗೂಡಿ ಗಾತ್ರವನ್ನು ತಿದ್ದುತ್ತವೆಂದು ಒಂದು ತಂಡ ತೋರಿಸಿತು. ಹೊರಗಿನ ಕ್ಯಾಲ್ಸಿಯಂ ಅನ್ನು ತೆಗೆದುಹಾಕಿದರೂ ಕೋಶ ಮರಳಿ ಕುಗ್ಗುವುದನ್ನು ಕಂಡ ತಂಡಗಳೂ ಇವೆ. ಉಬ್ಬಿದಾಗ ಕ್ಲೋರೈಡ್ ಮತ್ತು ಟಾರಿನ್ ಹೊರಹೋಗುವ ಮುಖ್ಯ ದ್ವಾರದ ಘಟಕವೇ 2014ರವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ. ಆ ವರ್ಷ ಅದನ್ನು ಗುರುತಿಸಿದ ಎರಡು ತಂಡಗಳಲ್ಲಿ ಒಂದು ಮೇಲೆ ಹೇಳಿದ ಪಟಪೂಟಿಯನ್ ಅವರದು. ಮೆದುಳಿನ ಯಾವ ಭಾಗದ ಕೋಶ, ಎಷ್ಟು ಬೇಗ ಉಬ್ಬಿತು ಎಂಬುದರ ಮೇಲೆ ಉತ್ತರ ಬದಲಾಗುವಂತೆ ತೋರುತ್ತದೆ. ನಾನು ಕ್ಯಾಲ್ಸಿಯಂನ ಪಕ್ಷದವನು. ಆದರೂ ಬಾಗಿಲಿಗೆ ಅಗಳಿ ಹಾಕಿ ಕೂರುವಷ್ಟು ಖಚಿತವಾಗಿ ಹೇಳಲಾರೆ.

ನಿಮಿಷಗಳ ಈ ಕೆಲಸ ಮುಗಿದ ಮೇಲೂ ರಕ್ತ ತೆಳುವಾಗಿಯೇ ಉಳಿದರೆ? ಆಗ ಕೋಶಗಳು ದೀರ್ಘಕಾಲದ ಸಂಸಾರಕ್ಕೆ ಸಿದ್ಧವಾಗುತ್ತವೆ. ಮೊದಲ ಕೆಲವು ಗಂಟೆಗಳಲ್ಲಿ ಲವಣಗಳನ್ನೂ, ಸುಮಾರು ಎರಡು ದಿನಗಳ ಅವಧಿಯಲ್ಲಿ ಟಾರಿನ್, ಇನಾಸಿಟಾಲ್ ಮುಂತಾದ ಸಾವಯವ ದ್ರವ್ಯಗಳನ್ನೂ ಹೊರಹಾಕಿ, ತೆಳು ರಕ್ತಕ್ಕೆ ಸರಿಸಮನಾಗಿ ತಾವೂ ತೆಳುವಾಗಿ, ಗಾತ್ರವನ್ನು ಉಳಿಸಿಕೊಳ್ಳುತ್ತವೆ. ಮಹಾಪೂರ ಬಂದಾಗ ಮನೆಯ ಸಾಮಾನನ್ನೆಲ್ಲ ಹೊರಗೆ ಸಾಗಿಸಿದಂತೆ. ಮನೆ ಉಳಿಯುತ್ತದೆ, ಒಳಗೆ ಬರಿದು.

ರಾಣೇಬೆನ್ನೂರಿನ ಆ ಆಸ್ಪತ್ರೆಯಲ್ಲಿ ಅಂದು ಇದ್ದವರು ಮೂವತ್ತು ತುಂಬದ ಒಬ್ಬ ವೈದ್ಯೆ. ಚೀಟಿಯನ್ನು ನೋಡಿ ಆಕೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ದಿನದಿಂದ ಹೀಗಾಗೈತ್ರಿ?" ಎಂಬುದು. "ನಿನ್ನೆ ಸಂಜಿಯಿಂದ," ಎಂದ ಅಳಿಯ. ಅವನು ವ್ಯಾಪಾರದ ಗಡಿಬಿಡಿಯಲ್ಲಿ ಕಂಡದ್ದು ಅಷ್ಟೇ. ನಾನೂ ತಲೆಯಾಡಿಸಿದೆ. ಅವರ ಸಂಗಡ ಗಾಡಿಯಲ್ಲಿ ಅಕ್ಕನನ್ನು ಹಿಡಿದುಕೊಂಡು ಬಂದ, ತೊಟ್ಟು ಬಿಡಿಸುವ ಒಬ್ಬ ಹೆಣ್ಣುಮಗಳು ಬಾಗಿಲ ಬಳಿ ನಿಂತಿದ್ದಳು. ಸೆರಗನ್ನು ಸರಿಮಾಡಿಕೊಂಡು, "ನಿನ್ನಿಂದ ಅಲ್ರೀ ಬಾಯಾರ," ಎಂದಳು. "ಅಮಾಸಿ ಆದಾಗಿಂದ ಅವ್ವಾರು ಬುಟ್ಟಿ ಲೆಕ್ಕಾ ತಪ್ಪಾಕತ್ತಾರ. ನನಗ ಎರಡ್ ಸರತಿ ಪಗಾರಾ ಕೊಟ್ರು. ನಾ ಹೊಳ್ಳಿ ಕೊಟ್ಟ್ಯಾ." ಹತ್ತು ದಿನಗಳ ಲೆಕ್ಕ ಅದು. ವೈದ್ಯೆ ಅದನ್ನು ಕಾಗದದ ಮೇಲೆ ಬರೆದುಕೊಂಡರು. ಚಿಕಿತ್ಸೆಯ ಕ್ರಮವೆಲ್ಲ ಆ ಒಂದು ಸಾಲಿನ ಮೇಲೆ ನಿಂತಿತು. ಒಂದೇ ದಿನದಲ್ಲಿ ಇಳಿದ ಸೋಡಿಯಂ ಅನ್ನು ಬೇಗನೆ ಏರಿಸಬಹುದು, ಏರಿಸಲೂಬೇಕು. ಎರಡು ದಿನಗಳಿಗಿಂತ ಹೆಚ್ಚು ಕಾಲದಲ್ಲಿ ಇಳಿದದ್ದನ್ನು ಬೇಗ ಏರಿಸಿದರೆ ಅನರ್ಥ.

ಗುಳಿಗೆಯನ್ನು ನಿಲ್ಲಿಸಿ, ನೂರಕ್ಕೆ ಮೂರರ ಉಪ್ಪಿನ ದ್ರಾವಣವನ್ನು ಹನಿಹನಿಯಾಗಿ ಆರಂಭಿಸಿದರು. ನಾಲ್ಕು ಗಂಟೆಗೊಮ್ಮೆ ರಕ್ತ ಪರೀಕ್ಷೆ. ರಾತ್ರಿ ಎಂಟು ಗಂಟೆಗೆ 111. ಮಧ್ಯರಾತ್ರಿ 113. ನಸುಕಿನ ನಾಲ್ಕಕ್ಕೆ 116. ಅಕ್ಕ ಕಣ್ಣು ತೆರೆದು ನೀರು ಕೇಳಿದಳು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಅದೇ ಹೊತ್ತಿಗೆ ಮೂತ್ರದ ಚೀಲ ಸರಸರನೆ ತುಂಬತೊಡಗಿತ್ತು. ವೈದ್ಯೆ ಬಂದು ನೋಡಿ ಉಪ್ಪಿನ ದ್ರಾವಣವನ್ನು ನಿಲ್ಲಿಸಿದರು. ಅಷ್ಟೇ ಅಲ್ಲ, ಸಕ್ಕರೆ ನೀರಿನ ಬಾಟಲಿಯನ್ನು ಹಾಕಲು ಹೇಳಿದರು.

ನನಗೆ ಸಿಟ್ಟು ಬಂದಿತು. ಇಡೀ ರಾತ್ರಿ ನಿದ್ರೆಗೆಟ್ಟಿದ್ದೆ. 135ಕ್ಕೆ ಇನ್ನೂ ಹತ್ತೊಂಬತ್ತು ಬಾಕಿ. ಏರುತ್ತಿರುವುದನ್ನು ಕೈಯಾರೆ ತಡೆಯುವುದೆ? ನಾನು ಇಂಥ ಕಾಲೇಜಿನಲ್ಲಿ ಇಷ್ಟು ವರ್ಷ ಪ್ರಾಧ್ಯಾಪಕನಾಗಿದ್ದವನೆಂದೂ, ಉಪ್ಪಿನ ದ್ರಾವಣವನ್ನು ಮುಂದುವರಿಸಬೇಕೆಂದೂ, ಇಲ್ಲವಾದರೆ ಹುಬ್ಬಳ್ಳಿಗೆ ಒಯ್ಯುವೆನೆಂದೂ ಏರುದನಿಯಲ್ಲಿ ಹೇಳಿದೆ. ಇದುವೇ ಮೊದಲಿಗೆ ಹೇಳಿದ ನನ್ನ ತಪ್ಪು. ಆಕೆ ದನಿ ಏರಿಸಲಿಲ್ಲ. "ಸರ್, ಅವರ ಸೆಲ್ಲುಗಳು ಒಳಗಿನ ಸಾಮಾನು ಹೊರಗ ಹಾಕಿ ಹತ್ತ ದಿನಾ ಆತು. ಈಗ ಮನಿ ಖಾಲಿ ಐತಿ. ಹೊರಗ ಒಮ್ಮಿಗೇ ಉಪ್ಪು ಹೆಚ್ಚಾದ್ರ ಒಳಗಿನ ನೀರು ಎಳಕೊಂಡು ಹೋಗತೈತಿ. ಆ ಸಾಮಾನು ವಾಪಸ್ ತುಂಬಾಕ ಟೈಮ್ ಕೊಡಬೇಕಲ್ರೀ. ಇಪ್ಪತ್ನಾಲ್ಕ ತಾಸಿಗೆ ಎಂಟರ ಮ್ಯಾಲ ನಾ ಏರಸೂದಿಲ್ಲ. ಆಗಲೇ ಎಂಟಾತು." ಸ್ವಲ್ಪ ತಡೆದು, "ಇದನ್ನ ನಮಗ ಕಲಿಸಿದವರು ನಿಮ್ಮಂಥಾವರೇ," ಎಂದರು.

ಕಡುಪ್ಪಿನ ನೀರಿಗೆ ಬಿದ್ದ ದ್ರಾಕ್ಷಿ! ನನಗೆ ಮಾತು ಹೊರಡಲಿಲ್ಲ.

ಆಕೆ ಹೆದರಿದ್ದ ಅನರ್ಥಕ್ಕೆ ಒಂದು ಇತಿಹಾಸವಿದೆ. 1959ರಲ್ಲಿ ಅಮೆರಿಕದ ಆಡಮ್ಸ್, ವಿಕ್ಟರ್ ಮತ್ತು ಮ್ಯಾನ್ಕಾಲ್ ಎಂಬ ವೈದ್ಯರು, ಮದ್ಯವ್ಯಸನದಿಂದಲೂ ಪೋಷಣೆಯ ಕೊರತೆಯಿಂದಲೂ ಬಳಲಿದ ಕೆಲವು ರೋಗಿಗಳಲ್ಲಿ ಮೆದುಳಿನ ಬುಡದ ನರತಂತುಗಳ ಹೊದಿಕೆ ಕಳಚಿದ್ದನ್ನು ವರ್ಣಿಸಿದರು. ಕಾರಣ ಬಹುಕಾಲ ತಿಳಿಯಲಿಲ್ಲ. 1981ರಲ್ಲಿ ಇಲಿಗಳಲ್ಲಿ ಸೋಡಿಯಂ ಅನ್ನು ಹಲವು ದಿನ ಕಡಿಮೆಯಿಟ್ಟು ಥಟ್ಟನೆ ಏರಿಸಿದಾಗ ಅದೇ ಹಾನಿ ಕಾಣಿಸಿಕೊಂಡಿತು. ಅಂದರೆ ರೋಗ ಅರ್ಧ ಕೆಡಿಸಿದ್ದನ್ನು ಆತುರದ ಚಿಕಿತ್ಸೆ ಪೂರ್ತಿ ಕೆಡಿಸುತ್ತಿತ್ತು. ರೋಗಿ ಮೊದಲೆರಡು ದಿನ ಚೇತರಿಸಿಕೊಂಡು ಮನೆಯವರು ನಿಟ್ಟುಸಿರು ಬಿಡುತ್ತಿರುವಾಗಲೇ ಮಾತು ತೊದಲಿ, ನುಂಗಲಾರದೆ, ಕೈಕಾಲು ಸೋತು ಮಲಗುವುದು ಈ ಹಾನಿಯ ರೀತಿ. ಈಚಿನ ಸಂಶೋಧನೆಗಳ ಪ್ರಕಾರ ನರತಂತುಗಳ ಹೊದಿಕೆ ಕಳಚುವುದಕ್ಕೂ ಮುಂಚೆ ಅಲ್ಲಿ ಸಾಯುವುದು ತಾರಾಕೋಶಗಳೇ. ಉಬ್ಬುವಾಗ ಮೊದಲು ಪೆಟ್ಟು ತಿಂದವು, ಕುಗ್ಗುವಾಗಲೂ ಮೊದಲು ಸಾಯುತ್ತವೆ. ಸಾಮಾನನ್ನು ಹೊರಗೆ ಹಾಕುವುದು ಎರಡು ದಿನದ ಕೆಲಸವಾದರೆ, ಮತ್ತೆ ಕೂಡಿಸುವುದು ಅದಕ್ಕಿಂತ ನಿಧಾನ. ಸಾವಯವ ದ್ರವ್ಯಗಳನ್ನು ಒಳಗೆ ಎಳೆದು ತರುವ ಯಂತ್ರಗಳನ್ನೇ ಕೋಶ ಹೊಸದಾಗಿ ನಿರ್ಮಿಸಿಕೊಳ್ಳಬೇಕಾಗುತ್ತದೆ.

ಅಳಿಯನ "ನಿನ್ನೆ ಸಂಜಿಯಿಂದ" ಎಂಬ ಮಾತನ್ನೇ ಹಿಡಿದು ನಡೆದಿದ್ದರೆ, ಅದಕ್ಕೆ ನನ್ನ ಪ್ರಾಧ್ಯಾಪಕತನದ ಒತ್ತಾಯವೂ ಸೇರಿದ್ದರೆ, ಅಕ್ಕ ಒಂದು ವಾರದಲ್ಲಿ ಏನಾಗುತ್ತಿದ್ದಳೆಂಬುದನ್ನು ನಾನು ಈಗಲೂ ಕೆಲವು ರಾತ್ರಿ ಎಣಿಸುತ್ತೇನೆ. ಸಕ್ಕರೆ ನೀರು ಹೋಯಿತು, ಮಧ್ಯಾಹ್ನಕ್ಕೆ 115. ಮರುದಿನ 121, ಅದರ ಮರುದಿನ 127, ನಾಲ್ಕನೆಯ ದಿನ 131. ಆ ನಾಲ್ಕು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಮಾಡಿದ್ದು ಏನೂ ಇಲ್ಲ. ಆ ಹೆಣ್ಣುಮಗಳು ಎರಡನೆಯ ದಿನ ಕೂಲಿ ಬಿಟ್ಟು ಬಸ್ಸಿಗೆ ಬಂದು ನೋಡಿಹೋದಳು. ನಾನು ಎದ್ದು ನಿಂತು ಕೈಮುಗಿದೆ. ಅವಳು ಗಾಬರಿಯಾಗಿ, "ಅಯ್ಯ, ಯಾಕ್ರೀ ಸಾಹೇಬ್ರ," ಎಂದು ಹಿಂದೆ ಸರಿದಳು. ವೈದ್ಯೆಯಲ್ಲಿ ನಾನು ಕ್ಷಮೆ ಕೇಳಿದ್ದು ಮೂರನೆಯ ದಿನ. ನೀವು ಯಾವ ಊರಿನವರಮ್ಮಾ ಎಂದು ವಿಚಾರಿಸಿದಾಗ ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿದರು. ಶಾಲೆ ಯಾವುದೆಂದು ಕೇಳಿದೆ. ಹಾವೇರಿಯಲ್ಲೇ, ನಮ್ಮ ಶಾಲೆಯಲ್ಲೇ ಓದಿದವರು. ಒಣದ್ರಾಕ್ಷಿಯ ಪ್ರಯೋಗ ನಿಮ್ಮ ಕಾಲಕ್ಕೂ ಇತ್ತೆ ಎಂದು ಕೇಳಿದ್ದಕ್ಕೆ, "ಇತ್ರೀ ಸರ್. ಆದ್ರ ದ್ರಾಕ್ಷಿ ಅರ್ಧಾ ನಾವೇ ತಿಂತಿದ್ವಿ," ಎಂದು ನಕ್ಕರು.

ಅಕ್ಕ ಊರಿಗೆ ಮರಳಿದ ಮೇಲೆ ರಕ್ತದೊತ್ತಡಕ್ಕೆ ಬೇರೆ ಗುಳಿಗೆ ಬಂದಿತು. ಉಪ್ಪು ದಿನಕ್ಕೆ ಇಷ್ಟೆಂದು ವೈದ್ಯೆಯೇ ಚಮಚೆಯಲ್ಲಿ ಅಳೆದು ತೋರಿಸಿದ್ದಾರೆ; ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಹೋದ ಸುಗ್ಗಿಯಲ್ಲಿ ನಾನು ಬ್ಯಾಡಗಿಗೆ ಹೋದಾಗ ಅವಳು ಕೆಂಪು ಚಟ್ನಿಗೆಂದು ಡಬ್ಬಿ ಕಾಯಿಗಳನ್ನು ನೀರಿನಲ್ಲಿ ನೆನೆಹಾಕಿ ಕುಳಿತಿದ್ದಳು. ಬಾಡಿದ ಕಾಯಿಗಳು ನೀರು ಕುಡಿದು ಮೈದುಂಬಿದ್ದವು. ನಾನು ಸುಮ್ಮನೆ ಆ ಪಾತ್ರೆಯನ್ನೇ ನೋಡುತ್ತಿದ್ದುದನ್ನು ಕಂಡು, "ಏನ್ ನೋಡ್ತೀಯೋ ತಮ್ಮಾ, ನಿನ್ನ ಕಾಲೇಜಿನ ಪಾಠ ಬ್ಯಾಡ. ರೊಟ್ಟಿ ಆರ್ತಾವು, ಕೈ ತೊಳಕೊಂಡ್ ಬಾ," ಎಂದಳು. ಅಂಗಳದಲ್ಲಿ ಬುಟ್ಟಿಗಳು ಸಾಲಾಗಿ ಇದ್ದವು. ಊಟಕ್ಕೆ ಏಳುವ ಮೊದಲು ಅವಳು ಅವುಗಳನ್ನೊಮ್ಮೆ ಎಣಿಸಿದಳು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಇಬ್ಬರದೂ ಇಪ್ಪತ್ತೆರಡು.